ಎಸ್ಸೆಸ್ಸೆಲ್ಸಿ ರಜೆಲಿ ಸಿಕ್ಕ ಮೊದಲ ಕೆಲ್ಸ

ಎಕ್ಸಾಮ್ ಮುಗಿದ ವಾರಕ್ಕೇ ಕೆಲ್ಸ ಹುಡುಕೋಕೆ ಶುರು ಮಾಡ್ದೆ, ಪಿಯುಸಿ ಪುಸ್ತಕಕ್ಕೆ ಅಪ್ಪನ ಹತ್ರ ದುಡ್ಡು ಕೇಳ್ಬಾರ್ದು ಅಂತ ಆಸೆ. ಬಸ್‌ಸ್ಟ್ಯಾಂಡ್ ಹತ್ರ ಇರೋ ಅಂಗಡಿಗಳನ್ನೆಲ್ಲ ಸುತ್ತಿ ಸುತ್ತಿ ಕೊನೆಗೆ ಒಂದು ಜೆರಾಕ್ಸ್ ಅಂಗಡಿಲಿ "ನಾಳೆಯಿಂದ ಬಾರಪ್ಪ" ಅಂದ್ರು. ಅಡ್ಮಿಶನ್ ಟೈಮ್ ನೋಡಿ, ಮಾರ್ಕ್ಸ್ ಕಾರ್ಡು, ಟಿಸಿ, ಜಾತಿ-ಆದಾಯ ಸರ್ಟಿಫಿಕೇಟು ಹಿಡ್ಕೊಂಡು ಜನ ಸಾಲು ನಿಲ್ತಿದ್ರು, ಆಧಾರ್ ಕಾರ್ಡಿನ ಎರಡೂ ಬದಿ ಒಂದೇ ಹಾಳೆಗೆ ತೆಗೆಯೋದು ಅಲ್ಲೇ ಕಲ್ತೆ. ಮೊದಲ ಸಂಬಳ ಅಮ್ಮ ದೇವ್ರ ಮುಂದೆ ಇಟ್ಟಿದ್ದು ಇವತ್ತಿಗೂ ಕಣ್ಮುಂದಿದೆ.

ಬೇಜಾರು ಅಂದ್ರೆ ರಾತ್ರಿ ಒಂಬತ್ತರವರೆಗೂ ನಿಲ್ಲಿಸ್ಕೊಳ್ತಿದ್ರು. 14ರಿಂದ 18 ವರ್ಷದೊಳಗಿನವರನ್ನ ಸಂಜೆ 7ರ ಮೇಲೆ ದುಡಿಸ್ಬಾರ್ದು, ವಿರಾಮ ಸೇರಿ ದಿನಕ್ಕೆ 6 ಗಂಟೆ ಮೀರ್ಬಾರ್ದು ಅಂತ ಬಾಲಕಾರ್ಮಿಕ ಕಾನೂನಲ್ಲೇ ಇದೆ. ಆಗ ನಂಗೆ ಯಾರೂ ಹೇಳಿರ್ಲಿಲ್ಲ. ಈ ರಜೆಗೆ ಹೋಗೋರು ಒಪ್ಕೊಳ್ಳೋ ಮುಂಚೆನೇ ಟೈಮಿಂಗ್ ಕೇಳ್ಕೊಳ್ಳಿ, ದಯವಿಟ್ಟು.