ಮಳೆಗಾಲದ ಫೈಬರ್ ದೋಣಿ ರಿಪೇರಿ: ಮೊದಲು ಒಣಗಿಸಿ, ಆಮೇಲೆ ರೆಸಿನ್

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ದೋಣಿ ದಡ ಹತ್ತುವುದು, ರಿಪೇರಿಗೆ ಪುರುಸೊತ್ತು ಸಿಗುವುದು ಆಗಲೇ. ಫೈಬರ್ ಕೆಲಸಕ್ಕೆ ಅದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ. ಹಾಕಿದ ಪ್ಯಾಚು ಮರುವರ್ಷ ಹಪ್ಪಳದ ಹಾಗೆ ಎದ್ದು ಬಂದರೆ ರೆಸಿನ್ (ಫೈಬರ್ ಬೆಸೆಯುವ ದ್ರವ ಅಂಟು) ಡೂಪ್ಲಿಕೇಟ್ ಎಂದು ಬೈಯುವವರೇ ಹೆಚ್ಚು. ಬಹಳ ಸಲ ಕಾರಣ ಒಳಗೆ ಉಳಿದ ತೇವ, ಇಲ್ಲವೇ ಸರಿಯಾಗಿ ಗ್ರೈಂಡ್ ಮಾಡದ ಮೈ.

ಮೊದಲು ದೋಣಿಯನ್ನು ಸಿಹಿನೀರಿನಲ್ಲಿ ತೊಳೆದು ಉಪ್ಪು ತೆಗೆಯಿರಿ. ಉಪ್ಪಿದ್ದ ಜಾಗ ಗಾಳಿಯ ತೇವ ಹೀರುತ್ತಲೇ ಇರುತ್ತದೆ. ಆಮೇಲೆ ನಾಣ್ಯದಿಂದ ಮೈಯೆಲ್ಲ ತಟ್ಟುತ್ತ ಹೋಗಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಪದರ ಬಿಟ್ಟ ಜಾಗ ಮಂಕಾಗಿ ಡಬ್ ಎನ್ನುತ್ತದೆ. ಡಬ್ ಎಂದ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಹಾಕಿ. ತಳದಲ್ಲಿ ಗುಳ್ಳೆಗಳಿದ್ದರೆ ಒಂದನ್ನು ಒಡೆದು ನೋಡಿ. ವಿನೆಗರ್ ವಾಸನೆಯ ಅಂಟುನೀರು ಬಂದರೆ ನೀರು ಹೊರಗಿನ ನುಣುಪು ಪದರವಾದ ಜೆಲ್‌ಕೋಟ್ ದಾಟಿ ಒಳಗೆ ಹೋಗಿದೆ ಎಂದರ್ಥ. ಅದರ ಮೇಲೆ ಪುಟ್ಟಿ ಬಳಿದು ಪೇಂಟ್ ಹೊಡೆದರೆ ಪ್ರಯೋಜನವಿಲ್ಲ. ಗುಳ್ಳೆ ಬಿಡಿಸಿ, ತೊಳೆದು, ಒಣಗಿಸಲೇಬೇಕು.

ಒಣಗಿದೆಯೋ ಇಲ್ಲವೋ ತಿಳಿಯಲು ಮೀಟರ್ ಬೇಕೆಂದಿಲ್ಲ. ಗ್ರೈಂಡ್ ಮಾಡಿದ ಜಾಗಕ್ಕೆ ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ, ಒಂದು ದಿನ ಬಿಡಿ. ಒಳಬದಿಯಲ್ಲಿ ಹನಿಗಟ್ಟಿದರೆ ಇನ್ನೂ ನೀರಿದೆ. ತಗಡಿನ ಮಾಡು, ಸುತ್ತ ಟಾರ್ಪಾಲಿನ್, ಒಳಗೆ ಎರಡು ಹ್ಯಾಲೊಜೆನ್ ದೀಪ, ಒಂದು ಫ್ಯಾನ್ ಇದ್ದರೆ ಮಳೆಯಲ್ಲೂ ಒಣಗುತ್ತದೆ, ನಿಧಾನವಾಗಿ. ರೆಸಿನ್ ಕೆಲಸ ಶುರುವಾಗುವ ಮೊದಲು ಈ ದೀಪಗಳನ್ನು ಹೊರಗಿಡಿ, ಮೈ ಒರೆಸಲು ಬಳಸುವ ಅಸಿಟೋನಿನ ಆವಿಗೆ ಕಿಡಿ ಸಾಕು. ಮ್ಯಾಟ್ (ಗಾಜಿನ ಎಳೆಗಳ ಹಾಸು) ರೋಲನ್ನೂ ಪಾಲಿಥಿನ್‌ನಲ್ಲಿ ಸುತ್ತಿ ಇಡಬೇಕು. ತೇವ ಹಿಡಿದ ಮ್ಯಾಟ್ ರೆಸಿನ್ ಕುಡಿಯುವುದಿಲ್ಲ, ಎಷ್ಟು ರೋಲರ್ ಎಳೆದರೂ ಹಾಲುಬಿಳುಪಾಗಿಯೇ ಉಳಿಯುತ್ತದೆ.

ಇನ್ನು ಗ್ರೈಂಡಿಂಗ್. ಗಟ್ಟಿಯಾದ ಹಳೆಯ ಪಾಲಿಯೆಸ್ಟರ್ ರೆಸಿನ್ ಮೇಲೆ ಹೊಸದು ರಾಸಾಯನಿಕವಾಗಿ ಬೆಸೆಯುವುದು ತೀರಾ ಕಡಿಮೆ, ಅದು ಹಿಡಿಯುವುದು ಒರಟು ಮೈಯನ್ನು. ಹಾಗಾಗಿ 36 ಅಥವಾ 40 ನಂಬರಿನ ಡಿಸ್ಕ್, ಹೊಳಪು ಪೂರ್ತಿ ಹೋಗುವವರೆಗೆ. ತೂತಿನ ಅಂಚನ್ನು ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರು ಮಾಡಿ: 6 ಮಿ.ಮೀ. ದಪ್ಪದ ದೋಣಿಗೆ ಸುತ್ತಲೂ ಸುಮಾರು 7 ಸೆಂ.ಮೀ. ‘ಇಷ್ಟು ಸಣ್ಣ ತೂತಿಗೆ ಇಷ್ಟು ದೊಡ್ಡ ಗಾಯವೇ?’ ಎಂದು ಮಾಲೀಕರು ಗೊಣಗುತ್ತಾರೆ, ಗೊಣಗಲಿ. ಧೂಳು ಗುಡಿಸಿದ ಮೇಲೆ ಶುಭ್ರ ಬಟ್ಟೆಯಲ್ಲಿ ಅಸಿಟೋನ್ ಒರೆಸಿ. ಆ ಮೇಲೆ ಬರಿಗೈ ತಾಗಬಾರದು.

ಒಳಗಿನಿಂದ ಕೈ ಹೋಗುವ ಜಾಗವಾದರೆ ಒಳಗಿನಿಂದಲೇ ಕಟ್ಟುವುದು ಲೇಸು. ಹೊರಗೆ ವ್ಯಾಕ್ಸ್ ಹಚ್ಚಿದ ಸನ್‌ಮೈಕಾ ತುಂಡನ್ನು ಬಿಗಿಯಾಗಿ ಒತ್ತಿ ನಿಲ್ಲಿಸಿದರೆ ದೋಣಿಯ ಬಾಗು ಹಾಗೇ ಸಿಗುತ್ತದೆ. 6 ಮಿ.ಮೀ.ಗೆ ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ನಾಲ್ಕು, 600 ಗ್ರಾಮಿನ ರೋವಿಂಗ್ (ದಪ್ಪ ಎಳೆಯ ನೇಯ್ದ ಗಾಜಿನ ಬಟ್ಟೆ) ಎರಡು ಸಾಕು. ಕ್ರಮ: ಮ್ಯಾಟ್, ಮ್ಯಾಟ್, ರೋವಿಂಗ್, ಮ್ಯಾಟ್, ರೋವಿಂಗ್, ಮ್ಯಾಟ್. ರೋವಿಂಗ್ ಮೇಲೆ ರೋವಿಂಗ್ ಕೂರಿಸಬೇಡಿ, ನಡುವೆ ಪದರ ಬಿಡುತ್ತದೆ. ದೊಡ್ಡ ತುಂಡು ಮೊದಲು, ಆಮೇಲೆ ಸಣ್ಣವು. ಇಳಿಜಾರಿನ ಪೂರ್ತಿ ಮೈಗೆ ಒಂದೇ ಅಖಂಡ ಪದರ ಅಂಟುವುದು ಹೀಗೆಯೇ. ಮ್ಯಾಟಿನ ಅಂಚನ್ನು ಕತ್ತರಿಸದೆ ಕೈಯಲ್ಲಿ ಹರಿಯಿರಿ. ಎಳೆ ಎಳೆಯಾಗಿ ಬಿಟ್ಟ ಅಂಚು ಮೆಟ್ಟಿಲಾಗದೆ ಕೂರುತ್ತದೆ.

ಮ್ಯಾಟಿಗೆ ಅದರ ತೂಕದ ಎರಡೂಕಾಲು ಪಟ್ಟು ರೆಸಿನ್, ರೋವಿಂಗಿಗೆ ಸಮತೂಕ. ಒಂದು ಚದರ ಮೀಟರಿಗೆ ಈ ಲೆಕ್ಕದಲ್ಲಿ ಐದೂಕಾಲು ಕೆಜಿ ಬೇಕು, ಆರು ತನ್ನಿ. ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕುಗೊಳಿಸುವ ದ್ರಾವಣ) ಮೊದಲೇ ಬೆರೆಸಿದ ರೆಸಿನ್ ಅಲ್ಲದಿದ್ದರೆ ಮೊದಲು ಕೋಬಾಲ್ಟ್ ಹಾಕಿ ಚೆನ್ನಾಗಿ ಕಲಕಿ, ರೆಸಿನ್ ಗಟ್ಟಿಯಾಗಿಸುವ ಹಾರ್ಡನರ್ ಆಮೇಲೆ. ಕೋಬಾಲ್ಟ್ ಮತ್ತು ಹಾರ್ಡನರ್ ನೇರವಾಗಿ ಒಂದಕ್ಕೊಂದು ತಾಗಬಾರದು, ಸ್ಫೋಟವಾಗುತ್ತದೆ. ಎರಡಕ್ಕೂ ಒಂದೇ ಅಳತೆ ಕಪ್ ಬಳಸುವ ಅಭ್ಯಾಸ ಇವತ್ತೇ ಬಿಡಿ. ಹಾರ್ಡನರ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು, ಕನ್ನಡಕ ಹಾಕಿ. ಮಳೆಗಾಲದ ತಂಪಿನಲ್ಲಿ ಕೆಜಿಗೆ 15 ಗ್ರಾಂ ಹಾರ್ಡನರ್, ಏಪ್ರಿಲ್ ಬಿಸಿಲಿಗೆ 10. ಅದಕ್ಕಿಂತ ಇಳಿಸಿದರೆ ಎಂದೂ ಪೂರ್ತಿ ಗಟ್ಟಿಯಾಗದು. 20 ದಾಟಿಸಿದರೆ ಕಾದು ಬಿರುಕು ಬಿಡುತ್ತದೆ. ಒಂದೇ ಉಸಿರಿಗೆ ಮೂರು ಪದರಕ್ಕಿಂತ ಹೆಚ್ಚು ಬೇಡ, ಬಿಸಿ ಆರಲು ಬಿಡಿ.

ಡೆಕ್ಕಿನಲ್ಲಿ ಮತ್ತು ಎಂಜಿನ್ ಕೂರುವ ಹಿಂಬದಿ ಹಲಗೆಯಲ್ಲಿ ಕತೆ ಬೇರೆ. ಅಲ್ಲಿ ಎರಡು ಫೈಬರ್ ಪದರಗಳ ನಡುವೆ ಪ್ಲೈವುಡ್ ಇರುತ್ತದೆ, ಬೋಲ್ಟಿನ ತೂತಿನಿಂದ ನೀರಿಳಿದು ಒಳಗೇ ಕೊಳೆಯುತ್ತದೆ. ಹೊರಗೆ ನೋಡಲು ಏನೂ ಇಲ್ಲ. ಎಂಜಿನ್ನಿನ ತಲೆ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಹಲಗೆ ಬಾಗಿದರೆ ಅಥವಾ ಬೋಲ್ಟ್ ಸಡಿಲಿಸಿದಾಗ ಕಂದು ನೀರು ಸೋರಿದರೆ ಮುಗಿಯಿತು. ಒಳಗಿನ ಪದರ ಕೊಯ್ದು ಕೊಳೆತ ಮರವನ್ನೆಲ್ಲ ಕೆತ್ತಿ ತೆಗೆಯಿರಿ, ಅರ್ಧ ಒಳ್ಳೆಯದು ಎಂದು ಉಳಿಸಬೇಡಿ. ಐಎಸ್ 710 ಗುರುತಿನ ಮರೈನ್ ಪ್ಲೈ, 18 ಮಿ.ಮೀ.ನ ಎರಡು ಹಾಳೆ, ನಡುವೆ ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್. ಇಲ್ಲಿ ಪಾಲಿಯೆಸ್ಟರ್ ಬೇಡ, ಮರಕ್ಕೆ ಅದರ ಹಿಡಿತ ಸಾಲದು. ಅಂಚುಗಳಿಗೆ ಎಪಾಕ್ಸಿ ಕುಡಿಯುವಷ್ಟೂ ಕುಡಿಸಿ. ಎಪಾಕ್ಸಿ ಜೊತೆ ಸಾಮಾನ್ಯ ಮ್ಯಾಟ್ ಬಳಸಬೇಡಿ, ಅದರ ಅಂಟುಪುಡಿ ಪಾಲಿಯೆಸ್ಟರ್ ರೆಸಿನ್ನಿನಲ್ಲಿರುವ ಸ್ಟೈರೀನಿನಲ್ಲಿ ಮಾತ್ರ ಕರಗುತ್ತದೆ. ನೇಯ್ದ ಬಟ್ಟೆಯೇ ಆಗಬೇಕು. ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ ಹಾಕಿದರೂ ಒಣಗದೆ ಕಾಡಬಹುದು, ಎರಡು ಭಾಗದ ಪೇಂಟ್ ಹೊಡೆದು ನಿಶ್ಚಿಂತರಾಗಿ.

ಬೋಲ್ಟ್ 12 ಮಿ.ಮೀ. ಆದರೆ ಮೊದಲು 20 ಮಿ.ಮೀ. ತೂತು ಕೊರೆದು, ದಪ್ಪ ಮಾಡಿದ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ 12 ಕೊರೆಯಿರಿ. ಮರಕ್ಕೆ ನೀರು ಸೇರಲು ದಾರಿಯೇ ಇರುವುದಿಲ್ಲ. ಡೆಕ್ಕಿನಲ್ಲಿ ಹಗ್ಗ ಕಟ್ಟುವ ಪ್ರತಿ ಕ್ಲೀಟ್, ಪ್ರತಿ ಸ್ಕ್ರೂಗೂ ಇದೇ ಕ್ರಮ. ಬೇಜಾರಿನ ಕೆಲಸ, ಆದರೂ ಮಾಡಿ.

ಪಾಲಿಯೆಸ್ಟರ್ ಪ್ಯಾಚಿನ ಕೊನೆಯ ಪದರದ ರೆಸಿನ್ನಿಗೆ ವ್ಯಾಕ್ಸ್ ದ್ರಾವಣ ಬೆರೆಸದಿದ್ದರೆ ಮೇಲ್ಮೈ ಅಂಟಂಟಾಗಿಯೇ ಇರುತ್ತದೆ, ಗಾಳಿ ತಾಗಿದ ಪಾಲಿಯೆಸ್ಟರಿನ ಸ್ವಭಾವವೇ ಅದು. ವಾರ ಕಳೆದ ಮೇಲೆ ಒಂದು ಮೂಲೆ ಉಜ್ಜಿ, ಅಸಿಟೋನ್ ಅದ್ದಿದ ಬಟ್ಟೆ ಅರ್ಧ ನಿಮಿಷ ಒತ್ತಿಹಿಡಿಯಿರಿ. ಮೈ ಮೆತ್ತಗಾಗಿ ಬೆರಳಿಗೆ ಅಂಟಿದರೆ ದೋಣಿ ನೀರಿಗಿಳಿಸಬೇಡಿ, ಇನ್ನೂ ಕೆಲವು ದಿನ ಬೆಚ್ಚಗಿಟ್ಟು ನೋಡಿ. ಆಗಲೂ ಅಂಟಿದರೆ ಅಷ್ಟನ್ನೂ ಗ್ರೈಂಡ್ ಮಾಡಿ ತೆಗೆದು ಮತ್ತೆ ಕಟ್ಟುವುದೊಂದೇ ದಾರಿ.