ಫೈಲಿಗೆ ಬರೆಯುತ್ತದೆ, ಸರಿ. ಆಮೇಲೆ?

ಎಐ ಬಳಸುವ ಒಂದು ಟೂಲ್, ಅಂದರೆ ಒಂದು ಕೆಲಸ ಮಾಡಿಕೊಡುವ ಚಿಕ್ಕ ಪ್ರೋಗ್ರಾಂ. ಅದರ ವಿವರಣೆ ಒಂದೇ ಸಾಲು. "ಕೊಟ್ಟ ವಿಷಯವನ್ನು ಫೈಲಿಗೆ ಬರೆಯುತ್ತದೆ." ಇದು ಸಾಕೋ ಸಾಲದೋ ನೋಡಿ ಹೇಳುವುದು ಆ ದಿನ ನನ್ನ ಪಾಲಿಗೆ ಬಂದ ಕೆಲಸ.

ಸಾಫ್ಟ್‌ವೇರ್‌ಗೆ ಕೈಪಿಡಿ ಬರೆಯುವುದೇ ನನ್ನ ವೃತ್ತಿ. ಇಷ್ಟು ವರ್ಷ ಓದುವವರು ಮನುಷ್ಯರಾಗಿದ್ದರು. ಅರ್ಥವಾಗದಿದ್ದರೆ ಪಕ್ಕದವರನ್ನು ಕೇಳುತ್ತಿದ್ದರು, ಇಲ್ಲ ನನಗೇ ಫೋನ್ ಮಾಡಿ ಬೈಯುತ್ತಿದ್ದರು. ಈ ಟೂಲಿನ ವಿವರಣೆ ಓದುವುದು ಎಐ ಏಜೆಂಟ್, ಅಂದರೆ ಹೇಳಿದ ಕೆಲಸವನ್ನು ಇಂಥ ಟೂಲ್ ಬಳಸಿ ತಾನೇ ಮಾಡುವ ಎಐ. ಅದಕ್ಕೆ ಕಾಣುವುದು ಟೂಲಿನ ಹೆಸರು, ವಿವರಣೆ, ಏನೇನು ಕೊಡಬೇಕು ಅನ್ನುವ ಪಟ್ಟಿ, ಅಷ್ಟೇ. ಎಐಗೆ ಟೂಲ್ ಜೋಡಿಸಲು ಆಂಥ್ರೊಪಿಕ್ ಅನ್ನುವ ಎಐ ಕಂಪನಿ 2024ರ ನವೆಂಬರಿನಲ್ಲಿ ಹೊರತಂದ ಎಂಸಿಪಿ ಪದ್ಧತಿಯಲ್ಲೂ ಹೀಗೆಯೇ. ಟೂಲಿನ ಒಳಗಿನ ಕೋಡ್ ಏಜೆಂಟ್‌ಗೆ ಕಾಣದು. ಬರೆಯದೆ ಬಿಟ್ಟದ್ದನ್ನು ಅದು ಊಹಿಸಿಕೊಳ್ಳುತ್ತದೆ.

ಟೂಲ್ ಬರೆದ ಹುಡುಗ ಪಕ್ಕದಲ್ಲೇ ಕೂತಿದ್ದ. "ಮೇಡಂ, ಫೈಲಿಗೆ ಬರೆಯುತ್ತೆ ಅಂತ ಬರೆದಿದೀನಲ್ಲ, ಇನ್ನೇನ್ ಬರೀಬೇಕು?" ಅಂದ. ಅವನ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಕೋಡ್ ಬರೆದವನಿಗೆ ಉಳಿದದ್ದೆಲ್ಲ ತಲೆಯಲ್ಲೇ ಇರುತ್ತದೆ.

ವಾದ ಮಾಡುವುದಕ್ಕಿಂತ ತೋರಿಸೋಣ ಅಂತ ಒಂದು ಸುಳ್ಳು ಲೆಕ್ಕದ ಫೈಲ್ ಮಾಡಿದೆ. ಗಣೇಶನ ಹಬ್ಬದ ಚಂದಾ ಪಟ್ಟಿ, 42 ಮನೆ, ಎದುರಿಗೆ ದುಡ್ಡು. ಏಜೆಂಟ್‌ಗೆ ಹೇಳಿದೆ: ಈ ಫೈಲಿಗೆ ಇನ್ನೂ ಮೂರು ಮನೆ ಬರಿ. ಬರೆಯಿತು. "ಮೂರು ಮನೆ ಸೇರಿಸಿದ್ದೇನೆ" ಅಂತ ವರದಿಯನ್ನೂ ಕೊಟ್ಟಿತು. ಫೈಲ್ ತೆರೆದರೆ ಇದ್ದದ್ದು ಆ ಮೂರೇ ಮನೆ! ಹಳೆಯ 42 ಮಾಯ. ಇದು ನಿಜವಾದ ಲೆಕ್ಕವಾಗಿದ್ದರೆ ನಾನು ಅಪಾರ್ಟ್‌ಮೆಂಟಿನಲ್ಲಿ ಮುಖ ತೋರಿಸುವ ಹಾಗಿರಲಿಲ್ಲ.

ಏಜೆಂಟ್‌ನದು ತಪ್ಪೇ? "ಬರೆಯುತ್ತದೆ" ಅಂದರೆ ಕೊನೆಗೆ ಸೇರಿಸುತ್ತದೆ ಅಂತ ಅದು ಅಂದುಕೊಂಡಿತು. ಟೂಲ್ ಮಾಡಿದ್ದು ಹಳೆಯದನ್ನು ಅಳಿಸಿ ಹೊಸದು ಇಡುವ ಕೆಲಸ. ಸಾಲದ್ದಕ್ಕೆ "ಯಶಸ್ವಿ" ಅನ್ನುವ ಒಂದೇ ಪದ ವಾಪಸ್ ಕಳಿಸಿತು. ಏನು ಅಳಿಯಿತು ಅಂತ ಏಜೆಂಟ್‌ಗೆ ಗೊತ್ತಾಗುವುದಾದರೂ ಹೇಗೆ? ಮಜಾ ಅಂದರೆ, 42 ಮನೆಯ ಪಟ್ಟಿಯನ್ನೇ ವಾಪಸ್ ಇಟ್ಟು ಅದೇ ಮಾತನ್ನು ಎರಡನೇ ಸಲ ಹೇಳಿದಾಗ ಅದು ಮೊದಲು ಫೈಲ್ ಓದಿ, ಎಲ್ಲಾ 45 ಮನೆಯನ್ನೂ ಸರಿಯಾಗಿ ಬರೆಯಿತು. ಮೂರನೇ ಸಲ ಹಾಗೇ ಇಟ್ಟು ಹೇಳಿದರೆ ಮತ್ತೆ ಮೂರೇ ಮನೆ. ಯಾವಾಗಲೂ ಕೆಡುವ ಟೂಲ್ ವಾಸಿ, ಬೇಗ ಸಿಕ್ಕಿಬೀಳುತ್ತದೆ. ಒಮ್ಮೊಮ್ಮೆ ಕೆಡುವುದನ್ನು ಹಿಡಿಯುವುದು ಕಷ್ಟ.

ಹುಡುಗನ ಮುಖ ಸ್ವಲ್ಪ ಇಳಿಯಿತು. ಕಾಫಿ ಕುಡಿದು ಬಂದು ಇಬ್ಬರೂ ಕೂತೆವು.

ನಾನು ಪ್ರಶ್ನೆ ಕೇಳುತ್ತಾ ಹೋದೆ. ಫೈಲ್ ಮೊದಲೇ ಇದ್ದರೆ? ಇಲ್ಲದಿದ್ದರೆ ತಾನೇ ಮಾಡುತ್ತದೆಯೋ? ಫೋಲ್ಡರೇ ಇಲ್ಲದಿದ್ದರೆ? ಯಾವ ಫೋಲ್ಡರಿನ ಆಚೆ ಕೈ ಹಾಕುವ ಹಾಗಿಲ್ಲ? ಅವನು ಕೆಲವಕ್ಕೆ ತಟ್ಟನೆ ಉತ್ತರ ಹೇಳಿದ. ಕೆಲವಕ್ಕೆ "ಇರಿ ಮೇಡಂ, ನೋಡ್ತೀನಿ" ಅಂತ ಕೋಡ್ ತೆರೆದ.

ಟೂಲಿಗೆ ಏನೇನು ಕೊಡಬೇಕು ಅನ್ನುವ ಪಟ್ಟಿಯಲ್ಲಿ "ಗರಿಷ್ಠ 30,000" ಅಂತ ಒಂದು ಸಾಲು ಇತ್ತು. ಮೂವತ್ತು ಸಾವಿರ ಏನು, ಅಕ್ಷರವೋ, ಕಂಪ್ಯೂಟರ್ ಜಾಗ ಅಳೆಯುವ ಬೈಟೋ? ಇಂಗ್ಲಿಷಿನಲ್ಲೇ ಪರೀಕ್ಷೆ ಮಾಡುವವರಿಗೆ ಈ ಪ್ರಶ್ನೆ ಹೊಳೆಯುವುದೇ ಕಮ್ಮಿ, ಯಾಕೆಂದರೆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಬೈಟ್. ಕನ್ನಡದ್ದಕ್ಕೆ ಮೂರು. 'ಕನ್ನಡ' ಅನ್ನುವ ಪದವನ್ನೇ ತಗೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರಿಗೆ ಕ, ನ, ಒತ್ತಕ್ಷರ ಮಾಡುವ ಹಲಂತ ಚಿಹ್ನೆ (್), ನ, ಡ ಅಂತ ಐದು. ಬೈಟ್ ಲೆಕ್ಕದಲ್ಲಿ 15. ಕೋಡಿನಲ್ಲಿ ನೋಡಿದರೆ ಅದು ಬೈಟೇ ಆಗಿತ್ತು. ಅಂದರೆ ಕನ್ನಡದ ಬರಹ ಮೂರನೇ ಒಂದು ಪಾಲಿಗೇ ಗೋಡೆಗೆ ಹೊಡೆದುಕೊಳ್ಳುತ್ತದೆ. ನನಗೆ ನಿಜಕ್ಕೂ ಸಿಟ್ಟು ಬಂದದ್ದು ಇಲ್ಲೇ. ಮಿತಿ ಇರಲಿ, ಬೇಡ ಅನ್ನಲ್ಲ. ಯಾವುದರ ಮಿತಿ ಅಂತ ಒಂದು ಪದ ಬರೆಯಲು ಏನು ಕಷ್ಟ?

ಉತ್ಸಾಹದಲ್ಲಿ ನಾನು ಅರ್ಧ ಪುಟದ ವಿವರಣೆ ಬರೆದುಬಿಟ್ಟೆ. ಹುಡುಗ ಈಗ ನನ್ನ ಮೇಲೆ ತಿರುಗಿದ. ಈ ವಿವರಣೆ ಏಜೆಂಟ್‌ನ ಪ್ರತಿ ಸಂಭಾಷಣೆಯಲ್ಲೂ ಜೊತೆಗೆ ಹೋಗುತ್ತದೆ, ಅಷ್ಟಷ್ಟು ಟೋಕನ್ (ಎಐ ಓದುವ ಪದದ ತುಣುಕು) ಖರ್ಚು. ಸರಿ ಅನ್ನಿಸಿತು. ನಾನು ಹೆಮ್ಮೆಯಿಂದ ಬರೆದ ಎರಡು ಉದಾಹರಣೆ ಹೊಡೆದು ಹಾಕಿದೆ. ಉಳಿದದ್ದರಲ್ಲಿ ಮೊದಲ ಸಾಲು ಹೀಗಿತ್ತು: "ಫೈಲ್ ಮೊದಲೇ ಇದ್ದರೆ ಅದರಲ್ಲಿದ್ದದ್ದೆಲ್ಲ ಅಳಿದು ಹೊಸದು ಕೂರುತ್ತದೆ, ಸೇರಿಸುವುದಾದರೆ ಮೊದಲು ಓದಿ, ಪೂರ್ತಿ ವಿಷಯ ಕೊಡಿ." ಉತ್ತರವೂ ಬದಲಾಯಿತು. "ಯಶಸ್ವಿ" ಬದಲು, ಹಿಂದೆ ಎಷ್ಟು ಸಾಲು ಇತ್ತು, ಈಗ ಎಷ್ಟಿದೆ ಅಂತ ಟೂಲ್ ಹೇಳುತ್ತದೆ. ಚಂದಾ ಪಟ್ಟಿಯನ್ನು ಮತ್ತೆ ಐದಾರು ಸಲ ಕೊಟ್ಟೆ. ಪ್ರತಿ ಸಲವೂ 45 ಮನೆ.

ಸಂಜೆ ಹೊರಡುವ ಹೊತ್ತಿಗೆ ಒಂದು ಪ್ರಶ್ನೆ ಉಳಿದಿತ್ತು. ಬರೆಯುತ್ತಿರುವಾಗ ಮಧ್ಯದಲ್ಲಿ ನಿಂತುಹೋದರೆ ಹಳೆಯ ಫೈಲ್ ಗತಿ? ಹುಡುಗ ಕೋಡ್ ನೋಡಿ ಸುಮ್ಮನಾದ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಫೈಲನ್ನು ಮಾಮೂಲಿಯಾಗಿ ಬರೆಯಲು ತೆರೆದರೆ, ತೆರೆದ ಕ್ಷಣವೇ ಅದು ಖಾಲಿಯಾಗುತ್ತದೆ. ಆಮೇಲೆ ನಿಂತರೆ ಹಳೆಯದೂ ಇಲ್ಲ, ಹೊಸದೂ ಇಲ್ಲ.

"ಇದನ್ನ ವಿವರಣೇಲಿ ಹೇಗೆ ಬರೀತೀರಾ ಮೇಡಂ?" ಅಂದ.

"ಇದ್ದದ್ದನ್ನ ಇದ್ದ ಹಾಗೆ."

ತಲೆ ಕೆರೆದುಕೊಂಡ. ಅದನ್ನು ಓದಿದರೆ ಯಾರೂ ಟೂಲ್ ಮುಟ್ಟಲ್ಲ ಅಂತ ಅವನಿಗೂ ಗೊತ್ತು. ಮಾರನೇ ಬೆಳಗ್ಗೆ ನಾನು ಬರುವಷ್ಟರಲ್ಲಿ ಕೋಡನ್ನೇ ಬದಲಾಯಿಸಿದ್ದ. ಮೊದಲು ಪಕ್ಕದಲ್ಲಿ ತಾತ್ಕಾಲಿಕ ಫೈಲಿಗೆ ಬರೆದು, ಪೂರ್ತಿಯಾದ ಮೇಲೆ ಹಳೆಯದರ ಹೆಸರಿಗೆ ಬದಲಿಸುತ್ತದೆ. ಆ ಸಾಲನ್ನು ನಾನು ಬರೆಯಬೇಕಾಗಲೇ ಇಲ್ಲ.