ಕಲೆ ಬಿದ್ದ ಪುಟಗಳ ಅಂಗಡಿ

ನ್ಯೂಯಾರ್ಕಿನ ಮ್ಯೂಸಿಯಂ, ಸೇತುವೆಗಳ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಈಸ್ಟ್ ವಿಲೇಜ್‌ನ ಸೆಕೆಂಡ್ ಸ್ಟ್ರೀಟಿನಲ್ಲಿ, ಹಳೆಯ ಮನೆಯೊಂದರ ಕೆಳ ಅಂತಸ್ತಿನಲ್ಲಿರುವ ಬಾನೀ ಸ್ಲಾಟ್ನಿಕ್ ಕುಕ್‌ಬುಕ್ಸ್. ಅಡುಗೆ, ಪಾನೀಯಗಳ ಹಳೆಯ ಪುಸ್ತಕಗಳಿಗೇ ಮೀಸಲಾದ ಅಂಗಡಿ. ಮೊದಲಿದ್ದ ಜಾಗದ ಲೀಸ್ ಮುಂದುವರಿಯದೆ ಬಾಗಿಲು ಮುಚ್ಚುವ ಹಾಗಾದಾಗ, ಸುದ್ದಿ ಓದಿದ ಒಡಹುಟ್ಟಿದವರಿಬ್ಬರು ತಮ್ಮ ಮನೆಯಲ್ಲೇ ಜಾಗ ಕೊಟ್ಟರಂತೆ. 2015ರಿಂದ ಇಲ್ಲೇ ಇದೆ.

ಕಾಕ್‌ಟೇಲ್ ಕಪಾಟಿನ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ. ಬಾರ್‌ಟೆಂಡರ್ ಜೆರ್ರಿ ಥಾಮಸ್ 1862ರಲ್ಲೇ ಮದ್ಯ ಬೆರೆಸುವ ಈ ವಿದ್ಯೆಗೊಂದು ಪುಸ್ತಕ ಬರೆದಿದ್ದ ಅನ್ನುವುದು ಆಸಕ್ತರಿಗೆ ಸಾಕು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಚರ್ಚಿನ ಹೆಂಗಸರು ಸೇರಿ ಅಚ್ಚು ಹಾಕಿಸಿದ ತೆಳು ಪುಸ್ತಕಗಳು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಸೈನಿಕರ ನೆರವಿಗೆ ಹಣ ಕೂಡಿಸಲು ಶುರುವಾದ ಪರಿಪಾಠವಿದು. ಒಂದರಲ್ಲಿ ಪ್ರತಿ ಅಡುಗೆಯ ಕೆಳಗೂ 'ಮಿಸೆಸ್' ಇಂಥವರು ಎಂದು ಗಂಡನ ಹೆಸರು. ಮಾಡಿದವಳ ಹೆಸರೇ ಇಲ್ಲ! ಆದರೆ ಸೇಬಿನ ಕೇಕಿನ ಪುಟ ಬೆಣ್ಣೆ ಕಲೆಯಿಂದ ಪಾರದರ್ಶಕವಾಗಿತ್ತು, ಪಕ್ಕದಲ್ಲಿ ಪೆನ್ಸಿಲಿನಲ್ಲಿ 'ಸಕ್ಕರೆ ಅರ್ಧ ಸಾಕು' ಎಂದಿತ್ತು. ಆ ಮನೆಯಲ್ಲಿ ಏನು ಮಾಡುತ್ತಿದ್ದರು, ಏನು ರುಚಿಸುತ್ತಿತ್ತು ಎಲ್ಲ ಅಲ್ಲೇ ಇತ್ತು. ಫೋಟೋಗಳೇ ತುಂಬಿದ, ಯಾರೂ ಅಡುಗೆಮನೆಗೆ ಒಯ್ಯದ ಈಗಿನ ದುಬಾರಿ ಪುಸ್ತಕಗಳು ನನಗೆ ಸೇರುವುದಿಲ್ಲ.

ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬರು ಅಮೆರಿಕದ ಮನೆಮನೆಯ ಅಡುಗೆ ಪುಸ್ತಕ 'ಜಾಯ್ ಆಫ್ ಕುಕಿಂಗ್'ನ 1943ರ ಮುದ್ರಣ ಹುಡುಕುತ್ತಿದ್ದರು.

"ಹೊಸದು ಎಲ್ಲ ಕಡೆ ಸಿಗುತ್ತದಲ್ಲ?" ಅಂದೆ.

"ಅದು ನನ್ನ ಹತ್ತಿರ ಇದೆ. ಅಮ್ಮ ಅಡುಗೆ ಕಲಿತದ್ದು ಆ ಹಳೆಯದರಲ್ಲಿ. ಯುದ್ಧಕಾಲ, ಸಕ್ಕರೆಗೆ ರೇಷನ್. ಇದ್ದದ್ದರಲ್ಲಿ ಹೇಗೆ ನಿಭಾಯಿಸಬೇಕು ಅಂತ ಅದರಲ್ಲಿ ಬರೆದಿತ್ತು."

"ಅಮ್ಮನ ಪ್ರತಿ ಏನಾಯಿತು?"

"ತಂಗಿ ಒಯ್ದಳು. ಕೇಳೋಕೆ ಮನಸ್ಸಿಲ್ಲ."

ನಮ್ಮಲ್ಲೂ ಅಕ್ಕತಂಗಿಯರ ನಡುವೆ ಒಬ್ಬಟ್ಟಿನ ಮಣೆಗಾಗಿ ಮಾತು ನಿಂತದ್ದುಂಟು ಅಂದೆ. ಅವರು ನಕ್ಕು, ಒಬ್ಬಟ್ಟೆಂದರೇನು ಎಂದು ಕೇಳಿ, ನಾನು ಹೇಳಿದ ಹೂರಣದ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡರು.

ಸೇಬಿನ ಕೇಕಿನ ಪುಸ್ತಕ ಕೊಂಡೆ, ಅದೂ ಪ್ರತಿ ಪುಟ ತಿರುವಿ ನೋಡಿ. ಹಿಂದೊಮ್ಮೆ ಅಂಚೆಯಲ್ಲಿ ತರಿಸಿದ್ದ 'ಉತ್ತಮ ಸ್ಥಿತಿ'ಯ ಪ್ರತಿಯಲ್ಲಿ ಸಿಹಿತಿಂಡಿಯ ನಾಲ್ಕು ಹಾಳೆ ಕತ್ತರಿಸಿಹೋಗಿದ್ದವು. ಮಾರಿದವರು ಉತ್ತರವನ್ನೂ ಕೊಡಲಿಲ್ಲ. ಹಳೆಯ ಅಡುಗೆ ಪುಸ್ತಕ ಕೊಳ್ಳುವವರು ಮೊದಲು ಸಿಹಿಯ ಅಧ್ಯಾಯದ ಪುಟಸಂಖ್ಯೆ ನೋಡಿ. ಅಂಗಡಿ ತೆರೆಯುವ ಹೊತ್ತನ್ನೂ ಮೊದಲೇ ವಿಚಾರಿಸಿಕೊಂಡು ಹೊರಡಿ.